ಮುಚ್ಚಿದ ಫ್ಯಾಕ್ಟರಿ ಜಾಗವನ್ನು ಮತ್ತೆ ಬಳಸೋದು ಹೇಗೆ? ನಕ್ಷೆ ಬರೆಸುವ ಮುಂಚಿನ ಕೆಲಸಗಳು

ಸ್ಟೀಲ್ ಲೋಟದಲ್ಲಿ ಏನೂ ಗೊತ್ತಾಗಲಿಲ್ಲ. ಗಾಜಿನ ಲೋಟಕ್ಕೆ ಹಿಡಿದು, ಹಿಂದೆ ಒಂದು ಬಿಳಿ ಹಾಳೆ ಇಟ್ಟು ನೋಡಿದಾಗ ಕಂಡಿತು. ಬೋರ್‌ವೆಲ್ ನೀರು ತೆಳು ಹಳದಿ ಬಣ್ಣಕ್ಕಿತ್ತು. ವಾಸನೆ ಇಲ್ಲ, ಕೆಸರೂ ಇಲ್ಲ. ನಿಂಬೆಹಣ್ಣಿನ ಸಿಪ್ಪೆ ನೆನೆಸಿಟ್ಟ ನೀರಿನ ಹಾಗೆ ಇತ್ತು.

ಆ ಜಾಗ ಮೈಸೂರಿನ ಒಂದು ಕೈಗಾರಿಕಾ ಪ್ರದೇಶದ ಅಂಚಿನಲ್ಲಿದೆ. ಒಂದು ಎಕರೆಗಿಂತ ಸ್ವಲ್ಪ ಕಮ್ಮಿ, ಮಧ್ಯದಲ್ಲಿ ಹಳೇ ಶೆಡ್ಡು. ನಮ್ಮ ಭಾವ ಕೊಂಡಿದ್ದರು. ಅರ್ಧಕ್ಕೆ ಗೋಡೌನ್, ಇನ್ನರ್ಧಕ್ಕೆ ಬಾಡಿಗೆ ಮನೆಗಳು ಅಂತ ನಕ್ಷೆ ಬರೆಸಿಯೂ ಆಗಿತ್ತು. ಮಾರಿದವರು "ಇಲ್ಲಿ ಬರೀ ನಟ್ಟು ಬೋಲ್ಟು ಮಾಡ್ತಿದ್ರು" ಅಂದಿದ್ದರು. ಆ ನಟ್ಟು ಬೋಲ್ಟಿಗೆ ಹೊಳಪು ಕೊಡುವ ಕ್ರೋಮ್ ಪ್ಲೇಟಿಂಗ್ ಕೂಡ ಅಲ್ಲೇ ನಡೆದಿತ್ತು ಅನ್ನೋದನ್ನು ಹೇಳಲಿಲ್ಲ. ಜಾಗದ ಮೇಲೆ ಹೊಸದಾಗಿ ಕೆಂಪು ಮಣ್ಣು ಹೊಡೆಸಿ, ಜೆಸಿಬಿಯಲ್ಲಿ ಸಮ ಮಾಡಿಸಿದ್ದರು. ನೋಡಲು ಹೊಲದಷ್ಟು ಚೊಕ್ಕವಾಗಿತ್ತು. ಲ್ಯಾಬಿನಿಂದ ನೀರಿನ ವರದಿ ಬಂದಾಗ ಕ್ರೋಮಿಯಂ ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ ಇತ್ತು. ಅಲ್ಲಿಂದ ಮುಂದೆ ನಾವು ಕಲಿತದ್ದನ್ನೆಲ್ಲ ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ನಮ್ಮ ಸೀಮೆಯಲ್ಲಿ ಇಂಥ ಜಾಗಗಳಿಗೆ ಕೊರತೆಯಿಲ್ಲ. 1961ರಲ್ಲಿ ಯಾದವಗಿರಿಯಲ್ಲಿ ಶುರುವಾದ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಕೃಷ್ಣರಾಜೇಂದ್ರ ಮಿಲ್ ನಿಂತು ಎಷ್ಟೋ ವರ್ಷವಾಯಿತು, ಆದರೆ ಬೆಂಗಳೂರು ರಸ್ತೆಯಲ್ಲಿ ಕೆ.ಆರ್. ಮಿಲ್ ಅನ್ನೋದು ಈಗಲೂ ಜಾಗದ ಹೆಸರು. ಬೆಳಗೊಳದ ಪೇಪರ್ ಮಿಲ್ ಮುಚ್ಚಿದೆ. ಮಂಡ್ಯದ ಮೈಷುಗರ್ 1933ರ ಕಾರ್ಖಾನೆ, ಕೆಲವು ವರ್ಷ ನಿಂತು 2022ರಲ್ಲಿ ಮತ್ತೆ ಕಬ್ಬು ಅರೆಯಿತು. ಎಲ್ಲ ಕಾರ್ಖಾನೆಗೂ ಆ ಭಾಗ್ಯ ಇರುವುದಿಲ್ಲ. ದೊಡ್ಡ ಹೆಸರುಗಳು ಬಿಡಿ. ಬ್ಯಾಟರಿ ಶೆಡ್ಡು, ಗ್ಯಾರೇಜು, ಹಳೇ ಪೆಟ್ರೋಲ್ ಬಂಕು, ಬಣ್ಣ ಹಾಕುವ ಘಟಕ, ಹಳ್ಳಿಯ ಅಂಚಿನ ಆಲೆಮನೆ, ಇವೂ ಮುಚ್ಚಿದ ಮೇಲೆ ನೆಲದಲ್ಲಿ ಏನಾದರೂ ಬಿಟ್ಟೇ ಹೋಗುತ್ತವೆ.

ಪ್ರತಿಯೊಂದು ಮುಚ್ಚಿದ ಫ್ಯಾಕ್ಟರಿಯ ನೆಲವೂ ವಿಷವಾಗಿದೆ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಏನಿದೆ ಅಂತ ಗೊತ್ತಾಗುವ ಮುಂಚೆ ನಕ್ಷೆ ಬರೆಸಬೇಡಿ ಅಂತ ಕೇಳಿಕೊಳ್ಳುತ್ತಿದ್ದೇನೆ. ಎಲ್ಲಿ ಮನೆ, ಎಲ್ಲಿ ಗೋಡೌನು, ಎಲ್ಲಿ ಮರ ಅನ್ನೋದನ್ನು ಆ ಮಣ್ಣೇ ಹೇಳುತ್ತದೆ.

ಮೊದಲು ಕಾಗದ

ಜಾಗ ಕೊಳ್ಳುವಾಗ ಎಲ್ಲರೂ ಪಹಣಿ, ಖಾತೆ, ಇಸಿ ನೋಡುತ್ತಾರೆ. ಮಾಲೀಕ ಯಾರು, ಸಾಲ ಇದೆಯಾ ಅನ್ನೋದು ಅದರಲ್ಲಿ ಗೊತ್ತಾಗುತ್ತದೆ. ಅಲ್ಲಿ ಏನು ತಯಾರಾಗುತ್ತಿತ್ತು ಅನ್ನೋದು ಗೊತ್ತಾಗಲ್ಲ. ಅದಕ್ಕೆ ಬೇರೆ ಕಾಗದ ಬೇಕು.

ನೀರಿನ ಕಾಯ್ದೆ 1974 ಮತ್ತು ವಾಯು ಕಾಯ್ದೆ 1981ರ ಪ್ರಕಾರ ಕಾರ್ಖಾನೆಗಳು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಸಮ್ಮತಿ ಪತ್ರ ಪಡೆಯಬೇಕು. ಆ ಪತ್ರದಲ್ಲಿ ಏನು ಉತ್ಪಾದನೆ, ದಿನಕ್ಕೆ ಎಷ್ಟು ಕೊಳೆನೀರು, ಅದನ್ನು ಎಲ್ಲಿಗೆ ಬಿಡುತ್ತಾರೆ ಅಂತ ಬರೆದಿರುತ್ತದೆ. ನೋಟಿಸ್ ಕೊಟ್ಟಿದ್ದರೆ, ಮುಚ್ಚುವ ಆದೇಶ ಆಗಿದ್ದರೆ ಅದೂ ಫೈಲಿನಲ್ಲಿ ಇರುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿ ತೆಗೆಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ಅದಕ್ಕೇ ಸಮ್ಮತಿ ಪತ್ರಕ್ಕೆ ಒಂದು, ನೋಟಿಸ್‌ಗಳಿಗೆ ಒಂದು ಅಂತ ಬೇರೆ ಬೇರೆ ಹಾಕಿ.

ಜಾಗ ಕೆಐಎಡಿಬಿಯದ್ದಾಗಿದ್ದರೆ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಹಂಚಿಕೆ ಪತ್ರ ಮತ್ತು ಗುತ್ತಿಗೆ ಕರಾರನ್ನು ಪೂರ್ತಿ ಓದಿ. ಯಾವ ಉದ್ದೇಶಕ್ಕೆ ಕೊಟ್ಟ ಜಾಗ ಅಂತ ಅದರಲ್ಲೇ ಇರುತ್ತದೆ. ಕಂಪನಿ ದಿವಾಳಿಯಾಗಿ ಜಾಗ ಹರಾಜಿಗೆ ಬಂದಿದ್ದರೆ ಕಾರ್ಮಿಕರ ಬಾಕಿ, ಪಿಎಫ್, ಇಎಸ್‌ಐ ಲೆಕ್ಕ ಮುಗಿದಿದೆಯಾ ಅಂತ ವಕೀಲರ ಹತ್ತಿರ ನೋಡಿಸಿ. ದಿವಾಳಿ ಸಂಹಿತೆಯ 53ನೇ ಕಲಂ ಪ್ರಕಾರ ಕಾರ್ಮಿಕರ 24 ತಿಂಗಳ ಬಾಕಿಗೆ, ಅಡಮಾನ ಇಟ್ಟುಕೊಂಡು ಸಾಲ ಕೊಟ್ಟವರಷ್ಟೇ ಮೇಲಿನ ಸ್ಥಾನ ಇದೆ. ದುಡಿದವರಿಗೆ ಸೇರಬೇಕಾದ್ದು ಸೇರದೆ ಇರುವ ಜಾಗದಲ್ಲಿ ಹೊಸ ಕೆಲಸ ಶುರು ಮಾಡೋದು ನನ್ನ ಮನಸ್ಸಿಗಂತೂ ಒಪ್ಪಲ್ಲ.

ಆಮೇಲೆ ಅಲ್ಲಿ ದುಡಿದವರು

ಕಾಗದಕ್ಕಿಂತ ನಮಗೆ ಹೆಚ್ಚು ಉಪಯೋಗ ಆಗಿದ್ದು ಒಬ್ಬ ಹಿರಿಯರಿಂದ. ಆ ಶೆಡ್ಡಿನಲ್ಲಿ ಪ್ಲೇಟಿಂಗ್ ಕೆಲಸ ಮಾಡಿ ನಿವೃತ್ತರಾದವರು. ಪಕ್ಕದ ಬಡಾವಣೆಯ ಟೀ ಅಂಗಡಿಯಲ್ಲಿ ವಿಚಾರಿಸಿದಾಗ ಸಿಕ್ಕರು. ಒಂದು ಭಾನುವಾರ ಬೆಳಿಗ್ಗೆ ಕರೆದುಕೊಂಡು ಹೋದೆವು. ಗೇಟಿನ ಒಳಗೆ ಕಾಲಿಟ್ಟವರೇ ನಿಂತರು. "ಇಷ್ಟು ಎತ್ತರ ಇರಲಿಲ್ಲ ಕಣಪ್ಪ ಇದು. ಮಣ್ಣು ತುಂಬವ್ರೆ" ಅಂದರು.

ಶೆಡ್ಡಿನ ಉತ್ತರದ ಗೋಡೆ ಹಿಡಿದು ಹೆಜ್ಜೆ ಎಣಿಸಿದರು. ಹದಿನಾಲ್ಕನೇ ಹೆಜ್ಜೆಗೆ ನಿಂತು ಚಪ್ಪಲಿಯಲ್ಲಿ ನೆಲ ಕೆರೆದರು. "ತೊಟ್ಟಿಗಳು ಇಲ್ಲಿದ್ವು, ಸಾಲಾಗಿ ನಾಲ್ಕು. ವಾರಕ್ಕೊಂದು ಸಲ ತಳದ ಗಸಿ ಎತ್ತಿ ಹಿಂದುಗಡೆ ಗುಂಡಿಗೆ ಸುರೀತಿದ್ವಿ."

"ಗುಂಡಿಗೆ ಸಿಮೆಂಟ್ ಹಾಕಿತ್ತಾ ಯಜಮಾನ್ರೇ?" ಅಂತ ಕೇಳಿದೆ.

"ಎಲ್ಲೀ ಸಿಮೆಂಟು! ಬರೀ ಮಣ್ಣು. ಮಳೆಗಾಲದಲ್ಲಿ ತುಂಬ್ಕೊಂಡು ಮೋರಿಗೆ ಹರಿಯೋದು."

ಅವರ ಕೈಯಲ್ಲೇ ಸುಣ್ಣದ ಪುಡಿ ಕೊಟ್ಟೆ. ತೊಟ್ಟಿ, ಗುಂಡಿ, ಮೋರಿ, ಡೀಸೆಲ್ ಡ್ರಮ್ ಇಡುತ್ತಿದ್ದ ಮೂಲೆ, ಎಲ್ಲಕ್ಕೂ ಗೆರೆ ಎಳೆದರು. ಅದನ್ನು ಅಳತೆ ಹಿಡಿದು ಕಾಗದಕ್ಕೆ ಇಳಿಸಿದೆವು. ಆಮೇಲೆ ಮಾಡಿಸಿದ ಪರೀಕ್ಷೆಗಳೆಲ್ಲ ಆ ಗೆರೆಗಳ ಮೇಲೇ ನಡೆದವು. ಎರಡು ಗಂಟೆ ಬಿಸಿಲಲ್ಲಿ ನಡೆದ ಅವರು ದುಡ್ಡು ಬೇಡ ಅಂದರು, ಒಂದು ಕಾಫಿ ಕುಡಿದು ಹೋದರು.

ಹಾಗಾಗಿ ದಯವಿಟ್ಟು ಹಳೇ ಕೆಲಸಗಾರರನ್ನು ಹುಡುಕಿ. ಮೇಸ್ತ್ರಿ, ಎಲೆಕ್ಟ್ರಿಷಿಯನ್, ವಾಚ್‌ಮನ್, ಗುಡಿಸುತ್ತಿದ್ದ ಹೆಂಗಸರು, ಎಲ್ಲರನ್ನೂ. ಕಸ ಎಲ್ಲಿಗೆ ಹೋಗುತ್ತಿತ್ತು ಅನ್ನೋದು ಮ್ಯಾನೇಜರಿಗಿಂತ ಗುಡಿಸುವವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಅವರನ್ನು ತಪ್ಪಿತಸ್ಥರಂತೆ ಕೇಳಬೇಡಿ. ಹೇಳಿದ ಕೆಲಸ ಮಾಡಿದವರು ಅವರು. ಆ ವಿಷದಲ್ಲಿ ಮೊದಲು ಕೈ ಅದ್ದಿದವರೂ ಅವರೇ.

ಜಾಗ ಸುತ್ತಿ ನೋಡುವಾಗ

ಒಬ್ಬರೇ ಹೋಗಬೇಡಿ, ಮಕ್ಕಳನ್ನು ಕರೆದುಕೊಂಡು ಹೋಗಲೇಬೇಡಿ. ಕಾಲಿಗೆ ಬೂಟು ಇರಲಿ. ನೆಲದೊಳಗಿನ ಟ್ಯಾಂಕು, ಮುಚ್ಚಿದ ಗುಂಡಿಗಳಿಗೆ ಇಳಿಯಬೇಡಿ, ಬಗ್ಗಿ ತಲೆಯನ್ನೂ ಹಾಕಬೇಡಿ. ಗ್ಯಾಸ್ ಕಟ್ಟಿಕೊಂಡಿದ್ದರೆ ಒಂದೇ ಉಸಿರಿಗೆ ಜೀವ ಹೋಗುತ್ತದೆ.

ಕಣ್ಣಿಗೆ ಕಾಣುವ ಗುರುತುಗಳು ಇವೆ. ಸುತ್ತ ಎಲ್ಲ ಕಾಂಗ್ರೆಸ್ ಗಿಡ ಬೆಳೆದು, ಮಧ್ಯೆ ಒಂದು ತೇಪೆಯಷ್ಟು ಜಾಗ ಬೋಳಾಗಿದ್ದರೆ ಅನುಮಾನ ಪಡಿ. ಕಾಂಗ್ರೆಸ್ ಗಿಡವೇ ಬೆಳೆಯದ ಮಣ್ಣು ಅಂದರೆ ಅಲ್ಲಿ ಏನೋ ಇರಬಹುದು. ಕಾಂಪೌಂಡ್ ಗೋಡೆಯ ಬುಡದಲ್ಲಿ ಹಸಿರು, ಹಳದಿ ಉಪ್ಪು ಹೂ ಬಿಟ್ಟಂತೆ ಕಾಣಬಹುದು. ಮಳೆ ಬಂದಾಗ ನಿಂತ ನೀರಿನ ಮೇಲೆ ಎಣ್ಣೆ ಬಣ್ಣ ಬಣ್ಣವಾಗಿ ಹರಡಬಹುದು. ಹಳೇ ಟ್ರಾನ್ಸ್‌ಫಾರ್ಮರ್ ಇದ್ದ ಕಟ್ಟೆ, ಬೂದಿ ಗುಡ್ಡೆ, ಬಾಯ್ಲರ್ ಹಿಂಭಾಗ, ಇವನ್ನೆಲ್ಲ ಫೋಟೋ ತೆಗೆದು ನಕ್ಷೆಯಲ್ಲಿ ಗುರುತು ಮಾಡಿ.

ಯಾವ ಕೆಲಸ ಏನು ಬಿಟ್ಟು ಹೋಗುತ್ತದೆ ಅಂತ ತಿಳಿದಿದ್ದರೆ ಪರೀಕ್ಷೆಯ ಖರ್ಚು ಉಳಿಯುತ್ತದೆ. ಪ್ಲೇಟಿಂಗ್ ಅಂದರೆ ಕ್ರೋಮಿಯಂ, ನಿಕಲ್, ಕೆಲವು ಕಡೆ ಸೈನೈಡ್. ಬ್ಯಾಟರಿ ಕೆಲಸ ಅಂದರೆ ಸೀಸ ಮತ್ತು ಆಸಿಡ್. ಗ್ಯಾರೇಜು, ಬಂಕಿನಲ್ಲಿ ಡೀಸೆಲ್, ಬೆಂಜೀನ್. ಬಟ್ಟೆಗೆ ಬಣ್ಣ ಹಾಕುವ ಕಡೆ ಉಪ್ಪು ಮತ್ತು ಲೋಹ. ಮರಕ್ಕೆ ಮದ್ದು ಹಾಕುವ ಕಡೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್. ಡಿಸ್ಟಿಲರಿ ಕೊಳೆನೀರಿನ ತೊಂದರೆ ಬೇರೆ ಥರ: ಅದು ಗಾಢ ಕಂದು ಬಣ್ಣದ, ಪೊಟ್ಯಾಶ್ ತುಂಬಿದ ನೀರು. ವರ್ಷಗಟ್ಟಲೆ ಒಂದೇ ಕಡೆ ಬಿಟ್ಟರೆ ಸುತ್ತಲ ಬಾವಿ ನೀರಿಗೂ ಬಣ್ಣ ಬರುತ್ತದೆ. ಮಂಡ್ಯ ಕಡೆಯ ಆಲೆಮನೆ ಜಾಗವಾದರೆ ಒಲೆಗೆ ಏನು ಹಾಕುತ್ತಿದ್ದರು ಅಂತ ಕೇಳಿ. ಬರೀ ಕಬ್ಬಿನ ಸಿಪ್ಪೆ ಉರಿಸಿದ್ದರೆ ಆ ಬೂದಿಗೆ ಹೆದರಬೇಕಿಲ್ಲ. ಹಳೇ ಟೈರು, ಪ್ಲಾಸ್ಟಿಕ್ ಉರಿಸಿದ್ದರೆ ಆ ಬೂದಿಯನ್ನು ಗದ್ದೆಗೆ ಹಾಕುವ ಮುಂಚೆ ಪರೀಕ್ಷೆ ಮಾಡಿಸಲೇಬೇಕು.

ಮಣ್ಣು ಮತ್ತು ನೀರಿನ ಪರೀಕ್ಷೆ

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ದುಡ್ಡು ಉಳಿಸಲು ಹೋಗಿ ಜನ ಹೆಚ್ಚು ತಪ್ಪು ಮಾಡೋದು ಇಲ್ಲೇ.

ಕೃಷಿಗೆ ಮಣ್ಣು ಪರೀಕ್ಷೆ ಮಾಡಿಸುವಾಗ ಹತ್ತು ಕಡೆಯ ಮಣ್ಣು ಬೆರೆಸಿ ಒಂದು ಮಾದರಿ ಕೊಡುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಒಂದು ಗುಂಡಿಯ ವಿಷ ಒಂಬತ್ತು ಕಡೆಯ ಒಳ್ಳೇ ಮಣ್ಣಿನಲ್ಲಿ ಕರಗಿ, ವರದಿಯಲ್ಲಿ ಎಲ್ಲ ಸರಿಯಿದೆ ಅಂತ ಬರುತ್ತದೆ. ಅನುಮಾನದ ಜಾಗಗಳಿಂದ ಬೇರೆ ಬೇರೆ ಮಾದರಿ ತೆಗೆಸಿ. ಮಿಕ್ಕ ಜಾಗಕ್ಕೆ ಚೌಕ ಚೌಕ ಹಾಕಿಕೊಂಡು ಚೌಕಕ್ಕೊಂದು ತೆಗೆಸಿ. ಆಳವೂ ಮುಖ್ಯ. ಮೇಲಿನ 15 ಸೆಂಟಿಮೀಟರ್, ಆಮೇಲೆ ಒಂದು ಮೀಟರ್, ಆಮೇಲೆ ಶಿಥಿಲ ಕಲ್ಲು ಸಿಗುವವರೆಗೆ. ನಮ್ಮ ಜಾಗದಲ್ಲಿ ಮೇಲಿನ ಮಣ್ಣು ಪೂರ್ತಿ ಚೊಕ್ಕವಾಗಿತ್ತು. ಯಾಕೆ ಅಂದರೆ ಅದು ಬೇರೆ ಕಡೆಯಿಂದ ಲಾರಿಯಲ್ಲಿ ಬಂದ ಮಣ್ಣು!

ಇನ್ನೊಂದು ವಿಷಯ ಮೈಸೂರಿಗೇ ಸಂಬಂಧಪಟ್ಟಿದ್ದು. ನಮ್ಮ ಜಿಲ್ಲೆಯ ಕೆಲವು ಕಡೆ ಕಲ್ಲಿನಲ್ಲೇ ಕ್ರೋಮಿಯಂ ಇದೆ. ಸಿಂಧುವಳ್ಳಿ ಕಡೆ ಕ್ರೋಮೈಟ್ ಅದಿರೇ ಸಿಗುತ್ತದೆ. ಹಾಗಾಗಿ ಮಣ್ಣಿನಲ್ಲಿ ಕ್ರೋಮಿಯಂ ಕಂಡ ಕೂಡಲೇ ಅದು ಫ್ಯಾಕ್ಟರಿಯದ್ದೇ ಅನ್ನಲು ಆಗಲ್ಲ. ಎರಡು ಕೆಲಸ ಮಾಡಿ. ಫ್ಯಾಕ್ಟರಿಯ ಪ್ರಭಾವ ಇಲ್ಲದ, ಅದೇ ಜಾತಿಯ ಮಣ್ಣಿರುವ ಜಾಗದಿಂದ ಒಂದೆರಡು ಹೋಲಿಕೆ ಮಾದರಿ ತೆಗೆಸಿ. ಮತ್ತೆ, ಒಟ್ಟು ಕ್ರೋಮಿಯಂ ಜೊತೆಗೆ ಕ್ರೋಮಿಯಂ-6 ಬೇರೆಯಾಗಿ ಅಳೆಯಿರಿ ಅಂತ ಲ್ಯಾಬಿಗೆ ಹೇಳಿ. ನಮ್ಮ ಕಲ್ಲುಮಣ್ಣಿನಲ್ಲಿರೋದು ಬಹುಪಾಲು ಕ್ರೋಮಿಯಂ-3, ಅದು ನೀರಿನಲ್ಲಿ ಸುಲಭಕ್ಕೆ ಕರಗಲ್ಲ. ಪ್ಲೇಟಿಂಗ್ ತೊಟ್ಟಿಯದು ಕ್ರೋಮಿಯಂ-6, ಅದು ನೀರಿನ ಜೊತೆ ಹರಿಯುತ್ತದೆ, ಕ್ಯಾನ್ಸರ್‌ಗೂ ಕಾರಣ. ನೀರಿಗೆ ಹಳದಿ ಬಣ್ಣ ಕೊಡೋದೂ ಅದೇ. ಕಾಯಿಸಿದರೆ ಹೋಗಲ್ಲ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ, ನಿಕಲ್ 0.02, ಸೀಸ 0.01 ದಾಟಬಾರದು. ನೀರು ಹಳದಿ ಕಾಣುವಷ್ಟು ಕ್ರೋಮಿಯಂ ಇದೆ ಅಂದರೆ ಈ ಮಿತಿಯನ್ನು ಯಾವಾಗಲೋ ದಾಟಿರುತ್ತದೆ. ಬಣ್ಣ ಕಾಣಲಿಲ್ಲ ಅಂತ ಧೈರ್ಯವಾಗಿ ಕುಡಿಯೋದೂ ತಪ್ಪು.

ನೀರಿನ ಮಾದರಿಯನ್ನು ಜಾಗದ ಮೇಲ್ಗಡೆಯ ಬೋರಿನಿಂದಲೂ, ಇಳಿಜಾರಿನ ಕಡೆಯ ಬೋರು, ಬಾವಿಗಳಿಂದಲೂ ತೆಗೆಸಿ. ನಮ್ಮದು ಗಟ್ಟಿ ಕಲ್ಲಿನ ಸೀಮೆ. ನೀರು ಕಲ್ಲಿನ ಬಿರುಕು ಹಿಡಿದು ಹೋಗುತ್ತದೆ. ಪಕ್ಕದ ಮನೆ ಬೋರು ಚೆನ್ನಾಗಿದ್ದು, ಮೂರನೇ ಬೀದಿಯ ಬೋರು ಕೆಟ್ಟಿರಬಹುದು. ಬೇಸಿಗೆಯಲ್ಲಿ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ, ಎರಡು ಸಲ ನೋಡಬೇಕು. ಮಂಡ್ಯ ಕಡೆ ನಾಲೆಯ ಲೆಕ್ಕವೂ ಸೇರುತ್ತದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬಿಟ್ಟಾಗ ಅಚ್ಚುಕಟ್ಟಿನ ಅಂತರ್ಜಲ ಮೇಲೆ ಬರುತ್ತದೆ, ಹೂತಿಟ್ಟ ಕೊಳಕನ್ನು ಮುಟ್ಟುತ್ತದೆ. ನಾಲೆ ನಿಂತಾಗ ತೆಗೆದ ಮಾದರಿ ಮಾತ್ರ ನಂಬಿಕೊಂಡರೆ ಮೋಸ ಹೋಗುತ್ತೀರಿ.

ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೇ ಕೊಡಿ. ನಿಮಗೆ ಬೇಕಾದ ಪರೀಕ್ಷೆಗೇ ಮಾನ್ಯತೆ ಇದೆಯಾ ಅಂತಲೂ ಕೇಳಿ. ಎಣ್ಣೆ, ಪೆಟ್ರೋಲ್ ಅನುಮಾನ ಇದ್ದರೆ ಗಾಜಿನ ಬಾಟಲಿ, ಲೋಹಕ್ಕಾದರೆ ಪ್ಲಾಸ್ಟಿಕ್ ಬಾಟಲಿ. ಐಸ್ ಡಬ್ಬಿಯಲ್ಲಿ ಸಾಗಿಸಬೇಕು. ಯಾರು ತೆಗೆದರು, ಎಷ್ಟು ಹೊತ್ತಿಗೆ, ಎಲ್ಲಿ, ಎಷ್ಟು ಆಳದಲ್ಲಿ ಅಂತ ಪ್ರತಿ ಬಾಟಲಿಗೂ ಚೀಟಿ ಅಂಟಿಸಿ. ಮುಂದೆ ಕೋರ್ಟಿಗೆ ಹೋದರೆ ಉಪಯೋಗಕ್ಕೆ ಬರೋದು ಆ ಚೀಟಿ. ಮೈಸೂರಿನ ಇಂಜಿನಿಯರಿಂಗ್ ಕಾಲೇಜುಗಳ ಸಿವಿಲ್ ವಿಭಾಗದವರು, ವಿಶ್ವವಿದ್ಯಾನಿಲಯದ ಪರಿಸರ ವಿಜ್ಞಾನದವರು ಎಲ್ಲಿ ಮಾದರಿ ತೆಗೆಯಬೇಕು ಅಂತ ಹೇಳಬಲ್ಲರು. ಸಂಕೋಚ ಬಿಟ್ಟು ಹೋಗಿ ಕೇಳಿ.

ವರದಿ ಕೆಟ್ಟದಾಗಿ ಬಂದರೆ

ಬಚ್ಚಿಡಬೇಡಿ. ಸುತ್ತಮುತ್ತ ಬೋರ್ ನೀರು ಕುಡಿಯುವವರಿಗೆ ಅವತ್ತೇ ಹೇಳಿ. ಜಾಗದ ಬೆಲೆ ಬಿದ್ದುಹೋಗುತ್ತೆ ಅನ್ನೋ ಭಯ ನಮಗೂ ಇತ್ತು. ಆದರೆ ಎದುರು ಮನೆಯಲ್ಲಿ ಎಳೇ ಮಗು ಇತ್ತು.

ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಕಲುಷಿತ ಜಾಗಗಳ ನಿರ್ವಹಣೆಗೆ ಹೊಸ ನಿಯಮ ತಂದಿದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಕೆಳಗೆ. ಇದರ ಪ್ರಕಾರ ಜಿಲ್ಲಾಡಳಿತ, ಸ್ಥಳೀಯ ಸಂಸ್ಥೆ ಅನುಮಾನದ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಕೊಡಬೇಕು. ಗೊತ್ತಾದ 90 ದಿನದೊಳಗೆ ಪ್ರಾಥಮಿಕ ಪರಿಶೀಲನೆ ಆಗಬೇಕು, ಆಮೇಲೆ ಮೂರು ತಿಂಗಳಲ್ಲಿ ವಿವರವಾದ ಪರೀಕ್ಷೆ. ಕೆಡಿಸಿದವರು ಯಾರು ಅಂತ ಹುಡುಕಿ ಶುದ್ಧ ಮಾಡುವ ಖರ್ಚನ್ನು ಅವರಿಂದಲೇ ವಸೂಲು ಮಾಡಬೇಕು. ಗಣಿ, ವಿಕಿರಣದ ಕಸ, ಊರಿನ ಕಸದ ಗುಡ್ಡೆಗಳು ಈ ನಿಯಮಕ್ಕೆ ಬರಲ್ಲ. ನಿಮ್ಮ ಅರ್ಜಿಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ, ಜಿಲ್ಲಾಧಿಕಾರಿಗೆ, ಪಂಚಾಯಿತಿ ಅಥವಾ ಪಾಲಿಕೆಗೆ, ಮೂರಕ್ಕೂ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಲ್ಯಾಬ್ ವರದಿ, ಸುಣ್ಣದ ಗೆರೆಯ ನಕ್ಷೆ ಎರಡನ್ನೂ ಲಗತ್ತಿಸಿ.

ತಡ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ಭೋಪಾಲ್ ನೋಡಿ. 1984ರ ದುರಂತ ನಡೆದ ಕಾರ್ಖಾನೆಯ ಆವರಣದಿಂದ 337 ಟನ್ ವಿಷದ ಕಸ ಹೊರಗೆ ಹೋಗಿದ್ದು 2025ರ ಜನವರಿಯಲ್ಲಿ. ನಲವತ್ತು ವರ್ಷ!

ಈಗ ನಕ್ಷೆ ತೆಗೆಯಿರಿ

ಮಣ್ಣಿನಲ್ಲಿ ವಿಷ ಇದ್ದ ಮಾತ್ರಕ್ಕೆ ಎಲ್ಲ ಮುಗಿದು ಹೋಗಲಿಲ್ಲ. ವಿಷ, ಅದು ನಡೆದು ಬರುವ ದಾರಿ, ಅದು ತಲುಪುವ ಮನುಷ್ಯ, ಈ ಮೂರೂ ಸೇರಿದರೆ ಅಪಾಯ. ಒಂದನ್ನು ತಪ್ಪಿಸಿದರೂ ಅಪಾಯ ತಪ್ಪುತ್ತದೆ. ಕಾಂಕ್ರೀಟ್ ನೆಲದ ಗೋಡೌನಿನ ಕೆಳಗೆ ಇರುವ ಸೀಸ ಯಾರನ್ನೂ ಮುಟ್ಟಲ್ಲ. ಅದೇ ಮಣ್ಣಿನಲ್ಲಿ ಮಗು ಆಡಿ ಕೈ ಬಾಯಿಗೆ ಹಾಕಿಕೊಂಡರೆ ಮುಟ್ಟುತ್ತದೆ.

ಕೆನಡಾದವರು ಇದನ್ನು ಅಂಕಿಯಲ್ಲೇ ಬರೆದಿಟ್ಟಿದ್ದಾರೆ. ಒಂದು ಕೆಜಿ ಮಣ್ಣಿನಲ್ಲಿ ಸೀಸ ಕೃಷಿಗಾದರೆ 70 ಮಿಲಿಗ್ರಾಂ, ಮನೆ ಮತ್ತು ಪಾರ್ಕಿಗೆ 140, ಅಂಗಡಿ ಕಚೇರಿಗೆ 260, ಕೈಗಾರಿಕೆಗೆ 600. ಒಂದೇ ಮಣ್ಣು, ಬಳಕೆ ಬೇರೆಯಾದಂತೆ ಮಿತಿಯೂ ಬೇರೆ. ಹಾಗಾಗಿ ಜಾಗವನ್ನು ತುಂಡು ತುಂಡಾಗಿ ನೋಡಿ. ತೀರಾ ಕೆಟ್ಟ ತುಂಡಿಗೆ ಗೋಡೌನು, ಪಾರ್ಕಿಂಗ್, ವರ್ಕ್‌ಶಾಪ್. ಸಾಧಾರಣ ತುಂಡಿಗೆ ಕಚೇರಿ, ತರಬೇತಿ ಕೇಂದ್ರ. ಮನೆ, ಅಂಗನವಾಡಿ, ಆಟದ ಬಯಲು, ತರಕಾರಿ ಮಡಿ ಏನಿದ್ದರೂ ಪೂರ್ತಿ ಚೊಕ್ಕ ಅಂತ ಸಾಬೀತಾದ ಕಡೆಗೆ ಮಾತ್ರ. ಭಾವನ ಬಾಡಿಗೆ ಮನೆಗಳ ಆಸೆ ಅಲ್ಲಿಗೆ ನಿಂತಿತು. ಈಗ ಮುಂದಿನರ್ಧ ಗೋಡೌನು, ಪಕ್ಕದಲ್ಲಿ ಹೊಲಿಗೆ ಘಟಕ.

ದೊಡ್ಡ ಜಾಗವಾದರೆ ಊರಿನವರನ್ನೂ ಕೂರಿಸಿಕೊಂಡು ಮಾತಾಡಿ. ಮುಂಬೈ ಬಟ್ಟೆ ಗಿರಣಿಗಳ ಕಥೆ ನೆನಪಿರಲಿ. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1991ರಲ್ಲಿ ನಿಯಮ ಬಂತು: ಜಾಗದ ಸುಮಾರು ಮೂರನೇ ಒಂದು ಭಾಗ ಬಯಲಿಗೆ, ಇನ್ನೊಂದು ಭಾಗ ಜನರ ವಸತಿಗೆ, ಉಳಿದದ್ದು ಮಾಲೀಕರಿಗೆ. 2001ರಲ್ಲಿ ಅದನ್ನು ತಿದ್ದಿ, ಕಟ್ಟಡವಿಲ್ಲದೆ ಖಾಲಿ ಇದ್ದ ಜಾಗಕ್ಕೆ ಮಾತ್ರ ಈ ಲೆಕ್ಕ ಅಂದರು. ಊರಿಗೆ ಸಿಗಬೇಕಾದ ಜಾಗದಲ್ಲಿ ಬಹುಪಾಲು ಕೈತಪ್ಪಿತು. ಒಂದು ಪದ ಬದಲಾದರೆ ಪಾರ್ಕೇ ಮಾಯವಾಗುತ್ತದೆ. ಊರಿಗೆ ಎಷ್ಟು ಜಾಗ ಅನ್ನೋದನ್ನು ಚದರ ಮೀಟರ್ ಲೆಕ್ಕದಲ್ಲಿ, ನಕ್ಷೆಯ ಮೇಲೆ ಗೆರೆ ಎಳೆದು ಬರೆಸಿಕೊಳ್ಳಿ.

ಜರ್ಮನಿಯ ಡುಯಿಸ್‌ಬರ್ಗ್‌ನಲ್ಲಿ ಮಾಡಿದ್ದು ನನಗೆ ಬಹಳ ಇಷ್ಟ. 1985ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಯನ್ನು ಕೆಡವದೆ 1994ರಲ್ಲಿ ಪಾರ್ಕು ಮಾಡಿದರು. ಕುಲುಮೆ ಹಾಗೇ ನಿಂತಿದೆ, ಜನ ಹತ್ತಿ ಊರು ನೋಡುತ್ತಾರೆ. ಗ್ಯಾಸ್ ತುಂಬುತ್ತಿದ್ದ ದೊಡ್ಡ ಟ್ಯಾಂಕಿಗೆ ನೀರು ತುಂಬಿ ಮುಳುಗು ಈಜು ಕಲಿಸುತ್ತಾರೆ. ನಮ್ಮಲ್ಲೂ ಹಳೇ ಚಿಮಣಿ, ಕಲ್ಲಿನ ಗೋಡೆ, ಗರಗಸದ ಹಲ್ಲಿನ ಹಾಗೆ ಕಾಣುವ ಬೆಳಕಿನ ಮಾಡು ಇರುವ ಶೆಡ್ಡುಗಳಿವೆ. ಅಂಥ ಮಾಡಿನ ಕೆಳಗೆ ಹಗಲು ದೀಪವೇ ಬೇಡ. ಕೆಡವುವ ಮುಂಚೆ ಒಬ್ಬ ಒಳ್ಳೇ ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸಿ.

ಶುದ್ಧ ಮಾಡುವ ದಾರಿಗಳು

ಅಗೆದು ಸಾಗಿಸೋದು ಬೇಗ ಆಗುವ ದಾರಿ, ದುಬಾರಿಯೂ ಹೌದು. ಅಪಾಯಕಾರಿ ಮಣ್ಣನ್ನು ಪರವಾನಗಿ ಇರುವ ವಿಲೇವಾರಿ ಕೇಂದ್ರಕ್ಕೇ ಕಳಿಸಬೇಕು, ದಾಬಸ್‌ಪೇಟೆಯಲ್ಲಿ ಅಂಥದ್ದಿದೆ. ಯಾರೋ ಕಂಟ್ರಾಕ್ಟರ್ "ಲೋಡಿಗೆ ಇಷ್ಟು ಕೊಡಿ ಸಾರ್, ಎಲ್ಲೋ ಹಾಕ್ತೀನಿ" ಅಂದರೆ ಒಪ್ಪಬೇಡಿ. ಆ ಎಲ್ಲೋ ಅನ್ನೋದು ಒಂದು ಕೆರೆಯ ಅಂಗಳ ಆಗಿರುತ್ತದೆ.

ಎರಡನೆಯದು ಮುಚ್ಚೋದು. ದಪ್ಪ ಜೇಡಿಮಣ್ಣು, ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಕಾಂಕ್ರೀಟ್. ಮಳೆನೀರು ಇಳಿಯದ ಹಾಗೆ ಮಾಡಬೇಕು. ಸುಮ್ನೆ ಕೆಂಪು ಮಣ್ಣು ಹೊಡೆಸೋದನ್ನು ಮುಚ್ಚೋದು ಅನ್ನಲ್ಲ.

ಎಣ್ಣೆ, ಡೀಸೆಲ್ ಬಿದ್ದ ಮಣ್ಣನ್ನು ಸೂಕ್ಷ್ಮಜೀವಿಗಳೇ ತಿಂದು ಮುಗಿಸುತ್ತವೆ. ಮಣ್ಣನ್ನು ರಾಶಿ ಹಾಕಿ ಗಾಳಿ, ತೇವ, ಸ್ವಲ್ಪ ಗೊಬ್ಬರ ಕೊಡಬೇಕು. ತಿಂಗಳುಗಳು ಹಿಡಿಯುತ್ತವೆ.

ಕ್ರೋಮಿಯಂ-6ಗೆ ಇರುವ ದಾರಿ ಕೇಳಿದರೆ ಮಂಡ್ಯದವರಿಗೆ ಖುಷಿಯಾದೀತು. ಕಾಕಂಬಿ! ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ನೀರಿಗೆ ಬೆರೆಸಿ ನೆಲದೊಳಕ್ಕೆ ಇಳಿಸುತ್ತಾರೆ. ಮಣ್ಣಿನ ಸೂಕ್ಷ್ಮಜೀವಿಗಳು ಆ ಸಿಹಿ ತಿನ್ನುತ್ತಾ ಅಲ್ಲಿನ ಆಮ್ಲಜನಕ ಖಾಲಿ ಮಾಡುತ್ತವೆ. ಆಗ ಕ್ರೋಮಿಯಂ-6 ಬದಲಾಗಿ ಕ್ರೋಮಿಯಂ-3 ಆಗುತ್ತದೆ, ಕರಗದೆ ಮಣ್ಣಿಗೇ ಅಂಟಿಕೊಳ್ಳುತ್ತದೆ. ಅನ್ನಭೇದಿ (ಫೆರಸ್ ಸಲ್ಫೇಟ್) ಹಾಕಿಯೂ ಇದೇ ಕೆಲಸ ಮಾಡಿಸಬಹುದು. ಹೊರದೇಶಗಳಲ್ಲಿ ಇದನ್ನು ಬಳಸಿದ್ದಾರೆ. ಹಾಗಂತ ನೀವೇ ಒಂದು ಡ್ರಮ್ ಕಾಕಂಬಿ ತಂದು ಬೋರಿಗೆ ಸುರಿಯಬೇಡಿ. ಲೆಕ್ಕ ತಪ್ಪಿದರೆ ಮಣ್ಣಿನ ಕಬ್ಬಿಣ, ಮ್ಯಾಂಗನೀಸ್, ಆರ್ಸೆನಿಕ್ ಕರಗಿ ನೀರಿಗೆ ಬರುತ್ತವೆ. ತಿಳಿದವರ ಉಸ್ತುವಾರಿಯಲ್ಲೇ ಆಗಬೇಕು.

ಗಿಡ ನೆಟ್ಟು ಶುದ್ಧ ಮಾಡೋದು ನಿಧಾನ, ವರ್ಷಗಳ ಕೆಲಸ. ಬೇರು ಇಳಿಯುವ ಆಳದವರೆಗೆ ಮಾತ್ರ ಉಪಯೋಗ. ಆದರೂ ಲಾವಂಚ, ಸೂರ್ಯಕಾಂತಿ, ಸಾಸಿವೆ ಲೋಹವನ್ನು ಹಿಡಿದಿಡುತ್ತವೆ ಅಥವಾ ಹೀರುತ್ತವೆ. ಅಂಥ ಗಿಡ ದನದ ಬಾಯಿಗೆ ಬೀಳಬಾರದು, ಆ ಸೂರ್ಯಕಾಂತಿ ಬೀಜ ಗಾಣಕ್ಕೆ ಹೋಗಬಾರದು. ಬೇಲಿ ಗಟ್ಟಿಯಾಗಿರಲಿ. ನಾವು ಹಿಂದಿನ ಅಂಚಿಗೆ ಲಾವಂಚ, ಚೊಕ್ಕ ಮಣ್ಣಿನ ಕಡೆಗೆ ಹೊಂಗೆ ಹಾಕಿದ್ದೇವೆ.

ಮಳೆನೀರು, ಹಳೇ ಶೀಟು, ಪರವಾನಗಿ

ಮಳೆನೀರು ಇಂಗಿಸಿ ಅಂತ ನಾವೇ ಎಲ್ಲರಿಗೂ ಹೇಳುತ್ತೇವೆ, ಅಲ್ವಾ? ಇಂಥ ಜಾಗದಲ್ಲಿ ಮಾತ್ರ ಬೇಡ. ಕಲುಷಿತ ಮಣ್ಣಿನಲ್ಲಿ ಇಂಗುಗುಂಡಿ ತೋಡಿದರೆ ವಿಷವನ್ನು ನಾವೇ ಅಂತರ್ಜಲಕ್ಕೆ ತೊಳೆದು ಕಳಿಸಿದ ಹಾಗೆ. ಮಾಡಿನ ನೀರನ್ನು ತೊಟ್ಟಿಯಲ್ಲಿ ಹಿಡಿದು ಬಳಸಿ.

ಹಳೇ ಶೆಡ್ಡಿನ ಸಿಮೆಂಟ್ ಶೀಟುಗಳಲ್ಲಿ ಸಾಮಾನ್ಯವಾಗಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಒಡೆದರೆ, ಕೊಯ್ದರೆ ಅದರ ಎಳೆ ಗಾಳಿಗೆ ಬಂದು ಶ್ವಾಸಕೋಶ ಸೇರುತ್ತದೆ. ನೀರು ಹಾಕಿ ನೆನೆಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಬೇಕು. ಕೆಲಸದವರಿಗೆ ಸರಿಯಾದ ಮಾಸ್ಕ್ ಕೊಡಿ, ಕರ್ಚೀಫು ಸಾಲದು. ಒಡೆದ ಶೀಟನ್ನು ಯಾರಿಗೂ ಕೊಟ್ಟಿಗೆಗೆ ಕೊಡಬೇಡಿ.

ಪರವಾನಗಿ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಮಹಾಯೋಜನೆಯಲ್ಲಿ ಆ ಜಾಗ ಯಾವ ವಲಯ ಅಂತ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ನೋಡಿ. ಕೈಗಾರಿಕೆಯಿಂದ ಬೇರೆ ಬಳಕೆಗೆ ಹೋಗಬೇಕಾದರೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರ 14-ಎ ಕಲಂನಲ್ಲಿ ಭೂ ಬಳಕೆ ಬದಲಾವಣೆ ಬೇಕು. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿಯೂ ಬೇಕು. ಎಲ್ಲ ಒಟ್ಟಿಗೆ ಮಾಡಲು ಹೋಗಬೇಡಿ. ಚೊಕ್ಕ ಇರುವ ತುಂಡಿನಲ್ಲಿ ಮೊದಲು ಶುರು ಮಾಡಿ, ಅಲ್ಲಿಂದ ಬರುವ ಬಾಡಿಗೆಯಲ್ಲಿ ಮುಂದಿನ ತುಂಡಿನ ಕೆಲಸ ಸಾಗುತ್ತದೆ.

ಕೆಲಸ ಮುಗಿದ ಮೇಲೂ

ಇಳಿಜಾರಿನ ಕಡೆ ಒಂದೆರಡು ನಿಗಾ ಬೋರು ಇಟ್ಟುಕೊಂಡು ವರ್ಷಕ್ಕೆ ಎರಡು ಸಲ ನೀರು ಪರೀಕ್ಷೆ ಮಾಡಿಸಿ. ಎಲ್ಲಿ ಏನನ್ನು ಮುಚ್ಚಿದ್ದೇವೆ, ಎಷ್ಟು ಆಳದಲ್ಲಿ ಅಂತ ಒಂದು ನಕ್ಷೆ ಮಾಡಿ. ಒಂದು ಪ್ರತಿ ಪಂಚಾಯಿತಿ ಅಥವಾ ಪಾಲಿಕೆಗೆ, ಒಂದು ಮಂಡಳಿಗೆ, ಒಂದು ಕ್ರಯಪತ್ರದ ಜೊತೆಗೆ. ಮುಂದೆ ಮಾರುವಾಗ ಕೊಳ್ಳುವವರ ಕೈಗೆ ಆ ನಕ್ಷೆ ಕೊಟ್ಟು, ಕೊಟ್ಟಿದ್ದೇವೆ ಅಂತ ಪತ್ರದಲ್ಲೇ ಬರೆಸಿ. ನಮಗೆ ಯಾರೂ ಅದನ್ನು ಕೊಡಲಿಲ್ಲ.

ನಮ್ಮ ನಾಲ್ಕನೇ ಪ್ರತಿ ಗೋಡೌನಿನಲ್ಲೇ, ಕರೆಂಟ್ ಮೀಟರ್ ಪಕ್ಕದಲ್ಲಿ ಲ್ಯಾಮಿನೇಟ್ ಮಾಡಿಸಿ ನೇತುಹಾಕಿದ್ದೇವೆ. ಆ ಹಿರಿಯರು ಸುಣ್ಣದಲ್ಲಿ ಎಳೆದ ಗೆರೆಗಳು ಅದರಲ್ಲಿ ಕೆಂಪು ಶಾಯಿಯಲ್ಲಿವೆ. ಹೋದ ತಿಂಗಳು ಪೈಪ್ ಹಾಕಲು ಬಂದ ಹುಡುಗ ಗುದ್ದಲಿ ಎತ್ತುವ ಮುಂಚೆ ಅದನ್ನು ನೋಡಿ ಬಂದು ಕೇಳಿದ: "ಅಣ್ಣ, ಈ ಕೆಂಪು ಗೆರೆ ದಾಟಿ ಅಗೀಬೋದಾ?"

ಬೇಡ ಅಂದೆ. ಪೈಪನ್ನು ದಕ್ಷಿಣದ ಗೋಡೆಯ ಕಡೆಯಿಂದ ಸುತ್ತಿಸಿ ತಂದ.